ಹರೆಲ್ಲಾ ಪುಟಾಣಿ ಆರ್ಕಿಡ್: ಪಾಚಿಯಲ್ಲಿ ಬಿಡಲಾ, ತೊಗಟೆಗೆ ಕಟ್ಟಲಾ?

ಬಾಲ್ಕನಿ ತೋಟ: ಬೆಂಗಳೂರು, ಮೂರನೇ ಮಹಡಿ, ಪೂರ್ವದ ಬಾಲ್ಕನಿ. ಹೋದ ವಾರ 850 ರೂಪಾಯಿ ಕೊಟ್ಟು ಹರೆಲ್ಲಾ ರೆಟ್ರೊಕ್ಯಾಲಾ ಅನ್ನುವ ತೈವಾನಿನ ಪುಟಾಣಿ ಆರ್ಕಿಡ್ ತಂದೆ. ಇಡೀ ಗಿಡ ನನ್ನ ಹೆಬ್ಬೆರಳಿನಷ್ಟಿದೆ. ಪ್ಲಾಸ್ಟಿಕ್ ಕಪ್‌ನಲ್ಲಿ ಪಾಚಿ (ನೀರು ಹಿಡಿದಿಡುವ ಸ್ಫ್ಯಾಗ್ನಮ್ ಮಾಸ್) ತುಂಬಿ ಕೊಟ್ಟಿದ್ದಾರೆ. ಎರಡು ಎಲೆ ಸುಕ್ಕುಗಟ್ಟಿವೆ. ಏನು ಮಾಡಲಿ? ಬೆಳೆಸಿದವರು ಹೇಳಿ.

ಮೂರು ಸಲ ಸೋತವನು: ಪಾಚಿ ಅಂದರೆ ಈಗಲೂ ಸಿಟ್ಟು ಬರುತ್ತದೆ ನನಗೆ. 2021ರಲ್ಲಿ ಇದೇ ಗಿಡ ಮೂರು ತರಿಸಿದೆ. ತಲಾ 700, ಕೊರಿಯರ್ 180, ಚಿಲಿ ದೇಶದ ಪಾಚಿ ಅಂತ 450, ಕಪ್ಪು ಬಲೆ ಕುಂಡ 90. ಜುಲೈ ಜಡಿಮಳೆಯಲ್ಲಿ ಪಾಚಿ ಮೇಲೆ ಮುಟ್ಟಿದರೆ ಒಣಗಿರುತ್ತಿತ್ತು, ಹಿಂಡಿದರೆ ನೀರು. ಎಲೆ ಸುಕ್ಕಾಯಿತು, ಬಾಯಾರಿದೆ ಅಂದುಕೊಂಡು ಇನ್ನಷ್ಟು ನೀರು ಹಾಕಿದೆ, ಅಲ್ಲೇ ಎಡವಿದ್ದು. ಕೊನೆಗೆ ಕಿತ್ತು ನೋಡಿದರೆ ಬೇರಿನ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಕೈಗೆ ಬಂತು, ಒಳಗೆ ನೂಲಿನಂಥ ಎಳೆ ಮಾತ್ರ ಉಳಿದಿತ್ತು. ಯಾರೋ ಹೇಳಿದರೆಂದು ಅಡುಗೆಮನೆಯ ಚಕ್ಕೆ ಪುಡಿ ಹಚ್ಚಿದೆ. ಉಳಿದ ಒಂದೆರಡು ಬೇರೂ ಒಣಗಿ ಕಡ್ಡಿಯಾದವು. ನಾಲ್ಕನೆಯದನ್ನು ಮಾವಿನ ತೊಗಟೆಗೆ ಮೀನಿನ ದಾರದಲ್ಲಿ ಕಟ್ಟಿದೆ. ಬೆಳಿಗ್ಗೆ ಬೇರು ಹಸಿರಾಗುವವರೆಗೆ ನೀರು ಸಿಂಪಡಿಸುತ್ತೇನೆ, ಬೆಳ್ಳಿ ಬಣ್ಣಕ್ಕೆ ತಿರುಗಿದ ಮೇಲೆ ಮತ್ತೆ. ಏಪ್ರಿಲ್‌ನಲ್ಲಿ ದಿನಕ್ಕೆ ಮೂರು ಸಲ. ಮದುವೆಗೆಂದು ಎರಡು ದಿನ ಊರಿಗೆ ಹೋಗುವ ಹಾಗಿಲ್ಲ. ಆದರೆ ಹೂ ಬಿಟ್ಟಿದೆ ಸ್ವಾಮಿ! ಹಳದಿ ಹಸಿರು ಹೂವಿನ ನಡುವೆ ಕಂದು ಮಚ್ಚೆ, ಥೇಟ್ ಜೇನುಹುಳ ಕೂತ ಹಾಗೆ.

ಶಿರಸಿ ಹುಡುಗ: 850 ರೂಪಾಯಿಗೆ ಹೆಬ್ಬೆರಳಿನಷ್ಟು ಗಿಡ! ನಮ್ಮ ಮನೆ ಹಿಂದಿನ ಮಾವಿನ ಮರದ ತುಂಬಾ ಸೀತಾಳೆ ಇದೆ, ಅದೂ ಆರ್ಕಿಡ್ಡೇ, ಯಾರೂ ನೀರು ಹಾಕುವುದಿಲ್ಲ, ಮೇ ಬಂದರೆ ದಂಡೆ ದಂಡೆ ಹೂ. ನಾನೂ ಆಸೆಗೆ ಬಿದ್ದು ಹರೆಲ್ಲಾ ತರಿಸಿ ಅದೇ ಮರಕ್ಕೆ ಕಟ್ಟಿದ್ದೆ ಅನ್ನಿ. ಮೊದಲ ಮೊಗ್ಗು ಬಂದ ರಾತ್ರಿಯೇ ಬಸವನಹುಳು ಬಂದು ಮೊಗ್ಗೂ ಬೇರಿನ ತುದಿಗಳೂ ಖಾಲಿ. ಬೆಳಿಗ್ಗೆ ನೋಡಿದರೆ ಹೊಳೆಯುವ ಗೆರೆ ಮಾತ್ರ. ಆಮೇಲೆ ಪಕ್ಕದ ಮನೆಯವರು ಬಂದಳಿಕೆ ಅಂತ ಕತ್ತಿಯಲ್ಲಿ ಕೆರೆದು, ನಲವತ್ತು ವರ್ಷದ ಸೀತಾಳೆಯನ್ನೂ ಬೀಳಿಸಿದರು. ಬಂದಳಿಕೆ ಮರದ ರಸ ಹೀರುತ್ತದೆ, ಸೀತಾಳೆ ಸುಮ್ನೆ ಮರದ ಮೇಲೆ ಕೂತಿರುತ್ತದೆ ಅಷ್ಟೇ ಅಂದರೆ ಕೇಳುವುದಿಲ್ಲ. ಪುಟಾಣಿ ಬೇಕೆಂದರೆ ನಮ್ಮದೇ ಕಾಡಿನ ಆರ್ಕಿಡ್ ಓಬೆರೋನಿಯಾ ಇದೆಯಲ್ಲ. ಎಲೆ ಜಡೆ ಹೆಣೆದ ಹಾಗೆ, ಹೂ ಸಾಸಿವೆಯಷ್ಟು. ಮಳೆಗಾಲದಲ್ಲಿ ಕಾಡಿನಲ್ಲಿ ಬಿದ್ದ ಕೊಂಬೆಯಿಂದ ತಂದರಾಯಿತು.

ಹಸಿರು ಬೇರು: "ತಂದರಾಯಿತು" ಅಂತ ಬರೆಯಬೇಡಿ ದಯವಿಟ್ಟು. ಇವತ್ತು ಬಿದ್ದ ಕೊಂಬೆ, ನಾಳೆ ಬೀಳಿಸಿದ ಕೊಂಬೆ. ರಸ್ತೆ ಬದಿಯಲ್ಲಿ ಗೋಣಿ ತುಂಬಾ ಸೀತಾಳೆ ಮಾರುವುದನ್ನು ನೋಡಿದ್ದೇನೆ. ಆರ್ಕಿಡ್ ಕುಟುಂಬ ಪೂರ್ತಿ ಸೈಟಿಸ್ (ಕಾಡಿನ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ.

ಶಿರಸಿ ಹುಡುಗ: ಸೈಟಿಸ್ ಇರುವುದು ದೇಶದ ಗಡಿ ದಾಟುವ ವ್ಯಾಪಾರಕ್ಕೆ. ಮಣ್ಣಿಗೆ ಬಿದ್ದು ಕೊಳೆಯುವುದನ್ನು ಎತ್ತಿ ಇನ್ನೊಂದು ಮರಕ್ಕೆ ಕಟ್ಟಿದರೆ ಕಳ್ಳತನವಾ? ನಿಮ್ಮ ಬಾಲ್ಕನಿಗೆ ತೈವಾನಿನ ಗಿಡ ಬಂದರೆ ಮಾತ್ರ ಪರಿಸರಪ್ರೇಮ ಅಲ್ವಾ?

ಹಸಿರು ಬೇರು: ಲ್ಯಾಬ್‌ನಲ್ಲಿ ಬೀಜದಿಂದ ಬೆಳೆಸಿದ್ದನ್ನು ತಗೊಳ್ಳುವುದಕ್ಕೂ ಕಾಡಿನಿಂದ ಕೀಳುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಹತ್ತಿರ ವಾದ ಮಾಡಲ್ಲ.

ವೈಟ್‌ಫೀಲ್ಡ್ ಬೋರ್‌ವೆಲ್: ನೀರಿನ ವಿಷಯ ಯಾಕೆ ಯಾರೂ ಮಾತಾಡುತ್ತಿಲ್ಲ? ನಮ್ಮ ಬೋರ್ ನೀರಿನ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 940. ಎರಡೇ ತಿಂಗಳಲ್ಲಿ ತೊಗಟೆ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ, ಬೇರಿನ ಹಸಿರು ತುದಿ ಕಪ್ಪು. 350 ಕೊಟ್ಟು ಟಿಡಿಎಸ್ ಮೀಟರ್ ತಂದ ಮೇಲೆ ಗೊತ್ತಾಯಿತು. ಈಗ ಆರ್‌ಒ ಫಿಲ್ಟರ್ ನೀರೇ. ಯಂತ್ರಕ್ಕೆ 13,500, ವರ್ಷಕ್ಕೆ ಫಿಲ್ಟರ್ 4,200, ಮಧ್ಯೆ ಮೋಟರ್ ಸುಟ್ಟು 1,900. ಲೆಕ್ಕ ಹಾಕಿದರೆ ಗಿಡಕ್ಕಿಂತ ನೀರೇ ದುಬಾರಿ. ಆದರೂ ಮೂರು ವರ್ಷದಿಂದ ಒಂದು ಗಿಡವೂ ಸತ್ತಿಲ್ಲ.

ಮೂರು ಸಲ ಸೋತವನು: ಒಂದು ಲೀಟರ್ ಆರ್‌ಒಗೆ ಎರಡು ಮೂರು ಲೀಟರ್ ಚರಂಡಿಗೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರು ಗಿಡಕ್ಕೆ ಹಾಕಿದರೆ 5,000 ದಂಡ ಅಂದಿದ್ದು ಮರೆತಿರಾ? ಮಳೆನೀರು ಹಿಡಿದಿಡಿ.

ವೈಟ್‌ಫೀಲ್ಡ್ ಬೋರ್‌ವೆಲ್: ಎಲ್ಲಿ ಹಿಡಿದಿಡಲಿ, ತಲೆ ಮೇಲಾ? ಎರಡು ಬಿಎಚ್‌ಕೆ. ಒಂದು ಡ್ರಮ್ ಇಟ್ಟಿದ್ದಕ್ಕೇ ಡೆಂಗಿ ಸೊಳ್ಳೆ ಅಂತ ಅಸೋಸಿಯೇಷನ್‌ನವರು ಫೋಟೋ ಹಾಕಿ ಗ್ರೂಪ್‌ನಲ್ಲಿ ಮಾನ ಕಳೆದರು. ವೇಸ್ಟ್ ನೀರಲ್ಲಿ ನೆಲ ಒರೆಸುತ್ತೇವೆ, ಚರಂಡಿಗೆ ಬಿಡುವುದಿಲ್ಲ. ನಾಲ್ಕು ಗಿಡಕ್ಕೆ ದಿನಕ್ಕೆ ಅರ್ಧ ಲೀಟರ್ ಬೇಕು, ನಿಮ್ಮ ಕಾರು ತೊಳೆಯಲು ಎಷ್ಟು?

ಮೂರು ಸಲ ಸೋತವನು: ನನ್ನ ಹತ್ತಿರ ಕಾರೇ ಇಲ್ಲ.

ಮಿನ್ನೆಸೋಟ ಚಳಿ: ಇಲ್ಲಿ ಅಮೆರಿಕದಲ್ಲಿ ಜನವರಿಗೆ ಹೀಟರ್ ಹಾಕಿದರೆ ಮನೆಯೊಳಗೆ ಹಪ್ಪಳ ಒಣಗುವಷ್ಟು ಒಣಗಾಳಿ. ನನ್ನ ಹರೆಲ್ಲಾ ಹಳೇ ಮೀನಿನ ತೊಟ್ಟಿಯಲ್ಲಿದೆ. ಗಾಳಿ ಆಡದೆ ಮೊದಲ ಗಿಡದ ಸುಳಿ ಕೊಳೆಯಿತು, ಎಲೆ ಬುಡ ಮುಟ್ಟಿದರೆ ಬೆಂದ ಬದನೆಕಾಯಿ. ಕಂಪ್ಯೂಟರಿನ ಸಣ್ಣ ಫ್ಯಾನ್ ಕೂರಿಸಿದ ಮೇಲೆ ನಿಂತಿತು. ಅಂದಹಾಗೆ ಇದನ್ನು ಈಗ ಗ್ಯಾಸ್ಟ್ರೊಕೈಲಸ್ ಗುಂಪಿಗೆ ಸೇರಿಸಿದ್ದಾರೆ, ಹರೆಲ್ಲಾ ಹಳೇ ಹೆಸರು.

ಹಸಿರು ಬೇರು: ಅಂಗಡಿಯಲ್ಲಿ ಗ್ಯಾಸ್ಟ್ರೊಕೈಲಸ್ ಅಂತ ಕೇಳಿದರೆ ಬೇರೆ ಯಾವುದೋ ಗಿಡ ಕೊಡುತ್ತಾರೆ. ಹರೆಲ್ಲಾ ಅಂತಲೇ ಇರಲಿ.

ಬಾಲ್ಕನಿ ತೋಟ: ಕಪ್‌ನಿಂದ ಬಿಡಿಸಿದೆ. ಐದು ಬೇರಿನಲ್ಲಿ ಮೂರರ ಸಿಪ್ಪೆ ಜಾರಿತು, ಎರಡು ಗಟ್ಟಿ ಇವೆ. ಶಿರಸಿಯವರೇ, ಆ ಮಾವಿನ ಮರದ ಒಣ ತೊಗಟೆ ಒಂದು ಅಂಗೈಯಷ್ಟು ಕಳಿಸುತ್ತೀರಾ? ಕೊರಿಯರ್ ದುಡ್ಡು ನಾನು ಕೊಡುತ್ತೇನೆ.

ಶಿರಸಿ ಹುಡುಗ: ಕಳಿಸುತ್ತೇನೆ. ಮೇಲೆ ಸೀತಾಳೆ ಅಂಟಿಕೊಂಡಿದ್ದರೆ ಹಸಿರು ಬೇರಿನವರ ಅಪ್ಪಣೆ ಕೇಳಬೇಕಾ?