ಅಪ್‌ಡೇಟ್: ಸಿಂಗಾಪುರದ ಅಡುಗೆಮನೆಯ ಹಳದಿ ಇರುವೆ

ಸ್ಪ್ರೇ ಹೊಡೆದಷ್ಟೂ ಫ್ಲ್ಯಾಟಿನಲ್ಲಿ ಸಣ್ಣ ಹಳದಿ ಇರುವೆ ಹೆಚ್ಚುತ್ತಿವೆ, ಏನು ಮಾಡಲಿ ಎಂದು ಕೇಳಿದ್ದೆ. ಈಗ ಹತೋಟಿಗೆ ಬಂದಿವೆ. ಇವು ಫೇರೋ ಇರುವೆ, ಉದ್ದ ಸುಮಾರು 2 ಮಿಲಿಮೀಟರ್. ಒಂದೇ ಗೂಡಿನಲ್ಲಿ ಹಲವು ರಾಣಿಗಳು. ಸ್ಪ್ರೇ ಬಿದ್ದರೆ ಗೂಡು ಒಡೆದು, ಮರಿಗಳನ್ನೂ ಹೊತ್ತು ಬೇರೆ ಬೇರೆ ಗೋಡೆಸಂದಿಗೆ ಹೋಗಿ ನೆಲೆಸುತ್ತವೆ.

ಕೆಲಸ ಮಾಡಿದ್ದು ಬೊರಾಕ್ಸ್ (ಇರುವೆಗೆ ವಿಷವಾಗುವ ಬಿಳಿ ಪುಡಿ) ಪಾಕ: 1 ಕಪ್ ಬೆಚ್ಚನೆ ನೀರು, 8 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಬೊರಾಕ್ಸ್. ಬೊರಾಕ್ಸ್ ಜಾಸ್ತಿಯಾದರೆ ಕೆಲಸಗಾರ ಇರುವೆ ದಾರಿಯಲ್ಲೇ ಸಾಯುತ್ತದೆ, ರಾಣಿಗೆ ವಿಷ ತಲುಪುವುದೇ ಇಲ್ಲ. ಹತ್ತಿಯುಂಡೆ ಅದ್ದಿ, ಬಾಟಲಿ ಮುಚ್ಚಳದಲ್ಲಿ ಸಿಂಕ್ ಕೆಳಗಿಡಿ. ಮೊದಲು ದಂಡೇ ಬರುತ್ತದೆ, ದಯವಿಟ್ಟು ಒರೆಸಬೇಡಿ. ಒಣಗಿದ ಉಂಡೆ ಬದಲಿಸಿ. ಮಗು, ಬೆಕ್ಕಿಗೆ ಎಟುಕದಿರಲಿ.