‘ಆಡಂಬರದ ಗಾಯನ ಬಲಿಪೂಜೆ’: ಈ ಪ್ರಯೋಗ ಸರಿಯೇ?

ಕೊಡಗಿನ ಕಥೋಲಿಕ ಧರ್ಮಕೇಂದ್ರಗಳ ವಾರ್ಷಿಕ ಹಬ್ಬದ ಆಹ್ವಾನ ಪತ್ರಿಕೆಗಳಲ್ಲಿ ನವೇನ (ಒಂಬತ್ತು ದಿನದ ಪ್ರಾರ್ಥನೆ), ಧ್ವಜಾರೋಹಣ, ತೇರಿನ ಮೆರವಣಿಗೆಗಳ ಜೊತೆಗೆ ‘ಆಡಂಬರದ ಗಾಯನ ಬಲಿಪೂಜೆ’ ಎಂಬ ಸಾಲು ಬರುವುದುಂಟು. ಬಲಿಪೂಜೆ ಎಂದರೆ ಚರ್ಚಿನಲ್ಲಿ ಗುರುಗಳು ಅರ್ಪಿಸುವ ಪೂಜೆ, ಇಂಗ್ಲಿಷಿನ ‘ಮಾಸ್’. ಕೆಲವೊಮ್ಮೆ ‘ಗಾಯನ’ ಬಿಟ್ಟುಹೋಗಿ ‘ಆಡಂಬರದ ಬಲಿಪೂಜೆ’ ಎಂದಷ್ಟೇ ಇರುತ್ತದೆ. ಇಲ್ಲಿ ‘ಆಡಂಬರ’ದ ಅರ್ಥವೇನು, ಅದನ್ನು ಉಳಿಸಿಕೊಳ್ಳಬೇಕೇ, ಬದಲಿಸುವುದಾದರೆ ಯಾವ ಪದ ಹೊಂದೀತು ಎಂಬುದು ನನ್ನ ಪ್ರಶ್ನೆ. ಗಾನವೃಂದದಲ್ಲಿ ಹಾಡುವವಳಾದ್ದರಿಂದ ಈ ಪ್ರಶ್ನೆ ನನಗೆ ಬರೀ ನಿಘಂಟಿನದ್ದಲ್ಲ.

ಇಂದಿನ ಕನ್ನಡದಲ್ಲಿ ‘ಆಡಂಬರ’ ಮೆಚ್ಚುಗೆಯ ಮಾತಲ್ಲ. ಆಡಂಬರದ ಮದುವೆ ಎಂದಾಗ ಖರ್ಚಿನ ಪ್ರದರ್ಶನ ನೆನಪಾಗುತ್ತದೆ. ಹಿರಿಯರೊಬ್ಬರನ್ನು ಹೊಗಳುವಾಗ ಆಡಂಬರವಿಲ್ಲದ ಬದುಕು ಎನ್ನುತ್ತೇವೆ. ಆದರೆ ಪದದ ಹಳೆಯ ಅರ್ಥ ಬೇರೆಯೇ ಇದೆ. ಶುಕ್ಲ ಯಜುರ್ವೇದದ ವಾಜಸನೇಯಿ ಸಂಹಿತೆಯ 30ನೆಯ ಅಧ್ಯಾಯದಲ್ಲಿ ಬರುವ ‘ಆಡಂಬರಾಘಾತ’ ಎಂದರೆ ಆಡಂಬರವೆಂಬ ಚರ್ಮವಾದ್ಯವನ್ನು ಬಾರಿಸುವವನು. ಅಮರಕೋಶವು ಆಡಂಬರಕ್ಕೆ ತೂರ್ಯದ ನಾದ, ಆನೆಗಳ ಘೀಂಕಾರ ಎಂಬ ಅರ್ಥಗಳನ್ನು ಕೊಡುತ್ತದೆ. ವಾದ್ಯದ ಸದ್ದಿನಿಂದ ಸಡಗರಕ್ಕೂ, ಸಡಗರದಿಂದ ತೋರಿಕೆಗೂ ಪದ ಜಾರಿಬಂದಂತೆ ಕಾಣುತ್ತದೆ. ಹಾಗಿರುವಾಗ ನಮ್ಮ ಆಹ್ವಾನ ಪತ್ರಿಕೆಯ ಆಡಂಬರ ಆ ಹಳೆಯ ವಾದ್ಯಘೋಷದ ಅರ್ಥದಲ್ಲಿಯೇ ಉಳಿದು ಬಂದಿದೆಯೆಂದು ವಾದಿಸಬಹುದೇ? ನನಗೆ ಹಾಗನ್ನಿಸುವುದಿಲ್ಲ. ತಮಿಳಿನ ಕಥೋಲಿಕರಲ್ಲಿ ‘ಆಡಂಬರ ತಿರುಪ್ಪಲಿ’ (ತಿರುಪ್ಪಲಿ ಎಂದರೆ ಬಲಿಪೂಜೆ) ಎಂಬ ಪ್ರಯೋಗ ಬಳಕೆಯಲ್ಲಿದೆ. ಮೈಸೂರಿನ ಮಿಷನ್ 1850ರಲ್ಲಿ ಪ್ರತ್ಯೇಕ ವಿಕಾರಿಯೇಟ್ (ಧರ್ಮಪ್ರಾಂತ್ಯವಾಗುವ ಮುಂಚಿನ ಹಂತದ ಆಡಳಿತ ವಲಯ) ಆಗುವವರೆಗೆ ಪಾಂಡಿಚೇರಿಯ ಆಡಳಿತಕ್ಕೆ ಸೇರಿತ್ತು. ಕೊಡಗು ಇಂದಿಗೂ ಮೈಸೂರು ಧರ್ಮಪ್ರಾಂತ್ಯದಲ್ಲಿದೆ. ಪದವು ತಮಿಳಿನ ದಾರಿಯಿಂದ ನಮ್ಮ ಕಡೆಗೆ ಬಂದಿರಬೇಕೆಂಬುದು ನನ್ನ ಊಹೆ.

ಕೊಡಗಿನಲ್ಲಿ ಈ ಪ್ರಶ್ನೆ ಹೆಚ್ಚು ಮುಖ್ಯವಾಗುವುದಕ್ಕೆ ಕಾರಣವಿದೆ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ವಿರಾಜಪೇಟೆಯಲ್ಲಿ, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆನರಾದ ಕಥೋಲಿಕರಿಗೆ ಆಶ್ರಯ ದೊರೆಯಿತು. ಸಂತ ಅನ್ನಮ್ಮನವರ ಚರ್ಚಿನ ಮೂಲ ಅಲ್ಲಿದೆ. ಅವರ ಮನೆಮಾತು ಕೊಂಕಣಿ. ಕಾಫಿ ತೋಟಗಳ ಜೊತೆಯಲ್ಲಿ ತಮಿಳು, ಮಲಯಾಳ ಮಾತನಾಡುವ ಕುಟುಂಬಗಳು ಬಂದವು. ಹೀಗಾಗಿ ಇಲ್ಲಿ ಪೂಜೆ ಕನ್ನಡದಲ್ಲಿ ನಡೆದರೂ ಹಾಡುವವರಲ್ಲಿ ಅನೇಕರ ಮನೆಮಾತು ಬೇರೆ, ಮತ್ತು ಅವರು ಕಲಿಯುವ ಗ್ರಾಂಥಿಕ ಕನ್ನಡದ ಒಂದು ದೊಡ್ಡ ಪಾಲು ಪೂಜಾಗ್ರಂಥದಿಂದ, ಹಾಡಿನ ಪುಸ್ತಕದಿಂದ, ಇಂಥ ಪತ್ರಿಕೆಗಳಿಂದ ಬರುತ್ತದೆ. ಮಲಯಾಳದಲ್ಲಿ ‘ಆಡಂಬರ’ ಎಂದರೆ ಐಷಾರಾಮ. ದುಬಾರಿ ಕಾರಿಗೆ ಅಲ್ಲಿ ಆಡಂಬರ ಕಾರ್ ಎನ್ನುತ್ತಾರೆ. ಆ ಕಿವಿಯಿಂದ ಕೇಳಿದರೆ ನಮ್ಮ ಸಾಲು ಐಷಾರಾಮಿ ಪೂಜೆಯಾಗುತ್ತದೆ. ಅವರದೇ ರೂಢಿ ‘ಆಘೋಷಮಾಯ ಪಾಟ್ಟುಕುರ್ಬಾನ’. ಆಘೋಷವೂ ಮೂಲದಲ್ಲಿ ಸದ್ದಿನ ಪದವೇ, ಆದರೆ ಅದು ಅಲ್ಲಿ ಆಚರಣೆ ಎಂಬ ಗೌರವದ ಅರ್ಥಕ್ಕೆ ಏರಿತು. ‘ಪಾಟ್ಟುಕುರ್ಬಾನ’ವಂತೂ ಹಾಡಿನ ಪೂಜೆ ಎಂದು ನೇರವಾಗಿ ಹೇಳಿಬಿಡುತ್ತದೆ.

ಹಿಂದೆ ಪೂಜೆಯ ಭಾಷೆಯಾಗಿದ್ದ ಲತೀನಿನ ಕಡೆಗೆ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಓದುವ ಪೂಜೆ, ಹಾಡುವ ಪೂಜೆ, ‘ಮಿಸ್ಸಾ ಸೊಲೆಮ್ನಿಸ್’ ಎಂಬ ಮೂರು ಬಗೆಗಳಿದ್ದವು. ಮೂರನೆಯದಕ್ಕೆ ಗುರುಗಳಿಗೆ ನೆರವಾಗುವ ಡೀಕನ್ ಮತ್ತು ಉಪಡೀಕನ್ ಇಬ್ಬರೂ ಬೇಕಿತ್ತು. ‘ಸೊಲೆಮ್ನಿಸ್’ ಎಂದರೆ ನಿಯತಕಾಲದಲ್ಲಿ ವಿಧಿಪೂರ್ವಕವಾಗಿ ನಡೆಯುವಂಥದ್ದು. ಅದರಲ್ಲಿ ಸದ್ದೂ ಇಲ್ಲ, ತೋರಿಕೆಯೂ ಇಲ್ಲ. 1967ರ ಮಾರ್ಚ್ 5ರಂದು ರೋಮ್ ಹೊರಡಿಸಿದ ‘ಮೂಸಿಕಾಂ ಸಾಕ್ರಂ’ ಎಂಬ ಆರಾಧನಾ ಸಂಗೀತದ ನಿರ್ದೇಶನದ 11ನೆಯ ವಿಧಿಯಂತೂ, ಆರಾಧನೆಯ ನಿಜವಾದ ಗಾಂಭೀರ್ಯವು ಅಲಂಕಾರದ ಗಾಯನಕ್ಕಿಂತ, ವೈಭವದ ಆಚರಣೆಗಿಂತ ಹೆಚ್ಚಾಗಿ ಅದನ್ನು ಭಕ್ತಿಯಿಂದ, ಯೋಗ್ಯವಾಗಿ ನಡೆಸುವುದರಲ್ಲಿದೆ ಎಂದು ಹೇಳುತ್ತದೆ. ಅದನ್ನು ಓದಿದ ಮೇಲೆ ‘ಆಡಂಬರದ ಬಲಿಪೂಜೆ’ ಎಂದು ಅಚ್ಚು ಹಾಕಿಸುವುದು ನನಗೆ ಕಷ್ಟವಾಗುತ್ತದೆ.

ನನ್ನ ಸೂಚನೆ ‘ಹಾಡುಪೂಜೆ’. ಆದರೆ ಇದಕ್ಕೊಂದು ಷರತ್ತಿದೆ, ಅದನ್ನು ಕನ್ನಡದ ವಿಭಕ್ತಿಯೇ ಚೆನ್ನಾಗಿ ತೋರಿಸಿಕೊಡುತ್ತದೆ: ಪೂಜೆಯಲ್ಲಿ ಹಾಡುವುದು ಒಂದು, ಪೂಜೆಯನ್ನು ಹಾಡುವುದು ಇನ್ನೊಂದು. ಲತೀನಿನ ಕಾಲದಲ್ಲಿ ಇವೆರಡರ ನಡುವೆ ಗೋಡೆಯೇ ಇತ್ತು. 1903ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು (ಪೋಪರು) ಸೊಲೆಮ್ನಿಸ್ ವಿಧಿಗಳಲ್ಲಿ ದೇಶಭಾಷೆಯ ಹಾಡನ್ನು ನಿಷೇಧಿಸಿದ್ದರು; ಜನರ ಭಾಷೆಯ ಹಾಡಿಗೆ ಜಾಗವಿದ್ದದ್ದು ಓದುವ ಪೂಜೆಯಲ್ಲಿ. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನೆಯ ಕುರಿತ ಸಂವಿಧಾನವನ್ನು ಹೊರಡಿಸಿ ದೇಶಭಾಷೆಗೆ ಬಾಗಿಲು ತೆರೆದ ಮೇಲೆ, ಓದುವ ಪೂಜೆಗೆ ನಾಲ್ಕು ಹಾಡು ಸೇರಿಸುವ ಹಳೆಯ ಅಭ್ಯಾಸವೇ ಭಾನುವಾರದ ರೂಢಿಯಾಗಿ ಮುಂದುವರಿಯಿತು: ಪ್ರವೇಶಕ್ಕೊಂದು, ಕಾಣಿಕೆಗೊಂದು, ಪರಮಪ್ರಸಾದಕ್ಕೊಂದು, ಕೊನೆಗೊಂದು.

‘ಮೂಸಿಕಾಂ ಸಾಕ್ರಂ’ ಹೇಳುವ ಕ್ರಮ ಇದಕ್ಕೆ ತಿರುಗುಮುರುಗಾಗಿದೆ. ಅದು ಗಾಯನವನ್ನು ಮೂರು ಹಂತಗಳಾಗಿ ವಿಂಗಡಿಸುತ್ತದೆ. ಮೊದಲನೆಯದರಲ್ಲಿ ಗುರುಗಳ ಸಂಬೋಧನೆ ಮತ್ತು ಜನರ ಮಾರುತ್ತರ, ಪ್ರಾರ್ಥನೆಗಳು, ‘ಸಾಂಕ್ತುಸ್’ (‘ಪವಿತ್ರ, ಪವಿತ್ರ’ ಎಂಬ ಸ್ತುತಿ), ಪ್ರಭು ಕಲಿಸಿದ ಜಪ ಇವೆ. ಎರಡನೆಯದರಲ್ಲಿ ‘ಕೀರಿಯೆ’ (ಕರುಣೆಯ ಮೊರೆ), ‘ಗ್ಲೋರಿಯಾ’ (ಮಹಿಮೆಯ ಗೀತೆ), ವಿಶ್ವಾಸ ಪ್ರಮಾಣ ಮುಂತಾದವು ಸೇರುತ್ತವೆ. ಪ್ರವೇಶ, ಕಾಣಿಕೆ, ಪರಮಪ್ರಸಾದದ ಹಾಡುಗಳು ಬರುವುದು ಮೂರನೆಯದರಲ್ಲಿ, ಮತ್ತು ಮೊದಲ ಹಂತವನ್ನು ಬಿಟ್ಟು ಉಳಿದೆರಡನ್ನು ಹಾಡುವಂತಿಲ್ಲ. ಕೀಬೋರ್ಡು, ತಬಲ ಸೇರಿ ನಾಲ್ಕು ಹಾಡು ಎಷ್ಟೇ ಚೆನ್ನಾಗಿ ಮೂಡಿಬಂದರೂ, ಗುರುಗಳೂ ಜನರೂ ಮಾರುತ್ತರಗಳನ್ನು ಮಾತಿನಲ್ಲೇ ಮುಗಿಸಿದರೆ, ಅದು ಹಾಡುಗಳಿರುವ ಪೂಜೆಯೇ ಹೊರತು ಹಾಡುಪೂಜೆಯಲ್ಲ.

ಈ ಕ್ರಮ ನಮ್ಮ ಭಾಷೆಯ ಗೊಂದಲಕ್ಕೂ ಒಂದು ದಾರಿ ತೋರಿಸುತ್ತದೆ ಎಂಬುದನ್ನು ಇಲ್ಲಿ ಸೇರಿಸಲೇಬೇಕು. ಸಂಬೋಧನೆ ಮತ್ತು ಮಾರುತ್ತರಗಳು ಚಿಕ್ಕವು, ವಾರವಾರವೂ ಬದಲಾಗದವು. ಅವುಗಳನ್ನು ಎಲ್ಲ ಮನೆಮಾತಿನವರೂ ಕನ್ನಡದಲ್ಲಿ ಒಟ್ಟಾಗಿ ಹಾಡಬಲ್ಲರು. ಪರಮಪ್ರಸಾದದ ಹೊತ್ತಿಗೆ ಒಂದು ಕೊಂಕಣಿಯ, ಒಂದು ಮಲಯಾಳದ ಹಾಡು ಬಂದರೆ ಯಾರಿಗೂ ಹೊರಗುಳಿದ ಭಾವ ಬರಲಾರದು. ಈಗ ಹಬ್ಬದ ತಯಾರಿಯಲ್ಲಿ ಚರ್ಚೆಯೆಲ್ಲ ಯಾವ ಭಾಷೆಗೆ ಎಷ್ಟು ಹಾಡು ಎಂಬುದರಲ್ಲೇ ಕಳೆದುಹೋಗುತ್ತದೆ. ಎಲ್ಲರೂ ಕೂಡಿ ಹಾಡಬೇಕಾದ ಭಾಗವನ್ನು ಯಾರೂ ಅಭ್ಯಾಸ ಮಾಡುವುದಿಲ್ಲ.

ಬೇರೆ ಬದಲಿಗಳನ್ನೂ ಯೋಚಿಸಿದ್ದೇನೆ. ‘ವೈಭವದ’ ಎಂಬುದು ಆಡಂಬರದ ದೋಷವನ್ನೇ ಹೊತ್ತಿದೆ. ‘ಸಂಭ್ರಮದ’ ಎಂಬುದು ಕಿವಿಗೆ ಹಿತವಾಗಿದ್ದರೂ ಹಾಡಿನ ಸುಳಿವು ಕೊಡುವುದಿಲ್ಲ. ‘ವಿಧ್ಯುಕ್ತ’ ಲತೀನಿಗೆ ಹತ್ತಿರ, ಆದರೆ ಉಳಿದ ದಿನದ ಪೂಜೆ ವಿಧಿಗೆ ಹೊರತೇ ಎಂಬ ಅನುಮಾನ ಹುಟ್ಟಿಸುತ್ತದೆ.

ಬಲ್ಲವರು ಎರಡು ವಿಷಯ ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ. 1963ಕ್ಕಿಂತ ಹಿಂದಿನ ಕನ್ನಡ ಜಪದ ಪುಸ್ತಕಗಳಲ್ಲಾಗಲಿ ಹಬ್ಬದ ಪತ್ರಿಕೆಗಳಲ್ಲಾಗಲಿ ‘ಆಡಂಬರ’ ಈ ಅರ್ಥದಲ್ಲಿ ಬಂದಿದೆಯೇ? ಲತೀನಿನ ಹಾಡುವ ಪೂಜೆಯನ್ನು ಕನ್ನಡ ಮನೆಮಾತಿನ ಹಿರಿಯರು, ಮುಖ್ಯವಾಗಿ ಮೈಸೂರು ಮತ್ತು ಹಾಸನದ ಕಡೆಯವರು, ಆಡುಮಾತಿನಲ್ಲಿ ಏನೆಂದು ಕರೆಯುತ್ತಿದ್ದರು? ಅಂಥದ್ದೊಂದು ಪದ ಬಳಕೆಯಲ್ಲಿ ಇದ್ದದ್ದಾದರೆ ‘ಹಾಡುಪೂಜೆ’ಯನ್ನು ಬಿಟ್ಟು ಅದನ್ನೇ ಆಹ್ವಾನ ಪತ್ರಿಕೆಗೆ ಸೂಚಿಸುತ್ತೇನೆ.