ಹಾರ್ನೆಸ್ ಹಾಕಿದ್ಮೇಲೆ ನಾಯಿ ಇನ್ನೂ ಜಾಸ್ತಿ ಎಳೀತಿದೆ, ಏನ್ಮಾಡ್ಲಿ?

ಪ್ರಶ್ನೆ: ನಮಸ್ತೆ ಮೇಡಂ, ನಮ್ದು ಎರಡು ವರ್ಷದ ಗಂಡು ಲ್ಯಾಬ್ರಡಾರ್, 32 ಕೆಜಿ ಇದಾನೆ. ಗೇಟ್ ದಾಟಿದ ಕೂಡ್ಲೇ ಎಳೆಯೋಕೆ ಶುರು. ಕಾಲರ್ ಹಾಕಿದ್ರೆ ಗಂಟಲು ಬಿಗಿದು ಗೊರಗೊರ ಕೆಮ್ಮೋನು, ಪಾಪ ಅನ್ನಿಸಿ ಎದೆ-ಬೆನ್ನಿಗೆ ಸುತ್ತಿ ಹಾಕೋ ಬೆಲ್ಟು, ಅದೇ ಹಾರ್ನೆಸ್, ತಂದೆ. ಈಗ ಕೆಮ್ಮಲ್ಲ ಆದ್ರೆ ಎಳೆತ ಡಬಲ್ ಆಗಿದೆ, ನಿನ್ನೆ ಅಮ್ಮನ್ನ ಬೀಳಿಸ್ಬಿಟ್ಟ. ವಾಪಸ್ ಕಾಲರ್‌ಗೇ ಹೋಗ್ಲಾ?

ಉತ್ತರ (ಟ್ರೇನರ್): ಅಮ್ಮನಿಗೆ ಪೆಟ್ಟೇನೂ ಆಗಿಲ್ಲ ತಾನೆ? ಲೀಶ್ (ಕೈಲಿ ಹಿಡ್ಕೊಳ್ಳೋ ಹಗ್ಗ) ಸಿಕ್ಕಿಸೋ ರಿಂಗ್ ಎಲ್ಲಿದೆ, ಬೆನ್ನ ಮೇಲಾ, ಎದೆ ಮುಂದೆನಾ?

ಪ್ರಶ್ನೆ: ಸ್ವಲ್ಪ ತರಚಿದೆ ಅಷ್ಟೆ ಮೇಡಂ. ರಿಂಗ್ ಬೆನ್ನ ಮೇಲೆ ಒಂದೇ ಇರೋದು.

ಉತ್ತರ: ಅದೇ ಕಾರಣ. ಹಿಮದಲ್ಲಿ ಗಾಡಿ ಎಳೆಯೋ ನಾಯಿಗಳಿಗೂ ಹಾಕೋದು ಹಾರ್ನೆಸ್ಸೇ ಅಲ್ವಾ, ಹಗ್ಗ ಹಿಂದಿನಿಂದ ಇರುತ್ತೆ, ಭಾರ ಎದೆ ಮೇಲೆ ಹರಡುತ್ತೆ, ಕುತ್ತಿಗೆಗೆ ನೋವಿಲ್ಲ, ಹಂಗಾಗಿ ಮೈಯೆಲ್ಲಾ ಬಳಸಿ ಎಳೆಯೋಕಾಗುತ್ತೆ. ನಿಮ್ಮವನೂ ಅದನ್ನೇ ಮಾಡ್ತಿದಾನೆ. ಆದ್ರೆ ಕಾಲರ್‌ಗೆ ಮಾತ್ರ ವಾಪಸ್ ಹೋಗ್ಬೇಡಿ, ಎಳೆಯೋ ನಾಯಿಗೆ ಅದು ಶ್ವಾಸನಾಳ ಒತ್ತುತ್ತೆ, ಕಣ್ಣೊಳಗಿನ ಒತ್ತಡನೂ ಏರಿಸುತ್ತೆ.

ಎದೆ ಮುಂದೆ ರಿಂಗ್ ಇರೋ ಹಾರ್ನೆಸ್ ತಗೊಳ್ಳಿ. ಅವನು ಮುಂದೆ ನುಗ್ಗಿದ್ರೆ ಲೀಶ್ ಎದೆನ ಪಕ್ಕಕ್ಕೆ ತಿರುಗಿಸುತ್ತೆ, ನಿಮ್ಮ ಕಡೆ ಮುಖ ಬರುತ್ತೆ, ಪೂರ್ತಿ ಬಲ ಹಾಕೋಕೆ ಆಗಲ್ಲ. ಅಮ್ಮನ ಕೈಗೂ ನಿಭಾಯಿಸೋಕೆ ಸುಲಭ. ಆದ್ರೆ ಎಳೀಬಾರ್ದು ಅಂತ ಬೆಲ್ಟು ಕಲಿಸಲ್ಲ, ಅದನ್ನ ಕಲಿಸ್ಬೇಕಾದೋರು ನೀವೇ. ಲೀಶ್ ಬಿಗಿಯಾಯ್ತು ಅಂದ್ರೆ ಮರದ ಥರ ನಿಂತ್ಬಿಡಿ, ಬೈಬೇಡಿ, ಜಗ್ಗಬೇಡಿ. ಅವನು ತಿರುಗಿ ನೋಡ್ತಾನೆ, ಲೀಶ್ ಸಡಿಲಾಗಿ ಜೋತು ಬೀಳುತ್ತೆ ನೋಡಿ, ಅದೇ ಕ್ಷಣಕ್ಕೆ "ಗುಡ್" ಅಂದು ನಿಮ್ಮ ಕಾಲಿನ ಪಕ್ಕದಲ್ಲೇ ಟ್ರೀಟ್ ಕೊಟ್ಟು ಮುಂದೆ ನಡೀರಿ. ಮೊದಲ ವಾರ ಹತ್ತು ನಿಮಿಷದಲ್ಲಿ ನಾಲ್ಕು ಮನೆ ದಾಟೋದೂ ಕಷ್ಟ, ಪರವಾಗಿಲ್ಲ. ಮನೇಲಿ ಒಬ್ರು ನಿಂತು ಇನ್ನೊಬ್ರು ಎಳೆಸ್ಕೊಂಡು ಹೋದ್ರೆ ಮಾತ್ರ ಅವನು ಕಲಿಯೋದೇ ಇಲ್ಲ, ಯಾಕಂದ್ರೆ ಎಳೆದ್ರೆ ಒಂದೊಂದ್ಸಲ ಕೆಲಸ ಆಗುತ್ತೆ ಅಂತ ಅವನಿಗೆ ಗೊತ್ತಾಗಿರುತ್ತೆ. ಉದ್ದ ಬಿಟ್ಕೊಂಡು ತಾನೇ ಸುತ್ತಿಕೊಳ್ಳೋ ಲೀಶ್ ಬೇಡ, ಅದು ಯಾವಾಗ್ಲೂ ಸ್ವಲ್ಪ ಎಳೀತಾನೇ ಇರುತ್ತೆ.

ಇನ್ನೊಬ್ಬ ಸದಸ್ಯರು: ಮೇಡಂ, ನಾವೂ ಎದೆ ರಿಂಗ್‌ದೇ ಹಾಕ್ತಿದೀವಿ, ಆದ್ರೆ ನಮ್ಮ ಹುಡುಗಿಗೆ ಮುಂಗಾಲಿನ ಕಂಕುಳಲ್ಲಿ ಕೂದಲು ಉದುರಿ ಕೆಂಪಾಗಿದೆ.

ಉತ್ತರ: ಹೊಟ್ಟೆ ಪಟ್ಟಿ ಮೊಣಕೈಗೆ ತೀರಾ ಹತ್ರ ಇರುತ್ತೆ, ಹೆಜ್ಜೆ ಹೆಜ್ಜೆಗೂ ಉಜ್ಜುತ್ತೆ. ಮೊಣಕೈಯಿಂದ ಎರಡ್ಮೂರು ಬೆರಳು ಹಿಂದೆ ಕೂರ್ಬೇಕು, ಪಟ್ಟಿ ಒಳಗೆ ಎರಡು ಬೆರಳು ಆರಾಮಾಗಿ ಹೋಗ್ಬೇಕು. ಭುಜಕ್ಕೆ ಅಡ್ಡ ಪಟ್ಟಿ ಬರೋದಾದ್ರೆ ಕಾಲು ಮುಂದೆ ಚಾಚೋಕೇ ಅಡ್ಡಿ, ವೈ ಆಕಾರದ್ದು ನೋಡಿ. ಕೆಂಪು ಇಳಿಯೋವರೆಗೂ ಈಗಿರೋದನ್ನ ಹಾಕ್ಬೇಡಿ, ಮನೆಗೆ ಬಂದ ತಕ್ಷಣ ಬಿಚ್ಚೋ ಅಭ್ಯಾಸನೂ ಇಟ್ಕೊಳ್ಳಿ. ಚರ್ಮ ಒಡೆದು ನೀರು ಒಸರ್ತಿದ್ರೆ ಡಾಕ್ಟ್ರಿಗೆ ತೋರಿಸಿ.

ಮೊದಲು ಕೇಳಿದೋರಿಗೆ ಇನ್ನೊಂದು ಮಾತು: ಕಾಲರ್ ತೆಗೆದ್ಮೇಲೂ ಯಾವತ್ತಾದ್ರೂ ಆ ಗೊರಗೊರ ಕೆಮ್ಮು ಕೇಳಿಸಿದ್ರೆ ಕಾಯ್ಬೇಡಿ, ಗಂಟಲು ಒಮ್ಮೆ ಚೆಕ್ ಮಾಡಿಸಿ.

ಪ್ರಶ್ನೆ: ಸರಿ ಮೇಡಂ, ಇವತ್ತು ಸಂಜೆಯಿಂದಲೇ ನಿಲ್ಲೋದು ಶುರು ಮಾಡ್ತೀನಿ, ಹೊಸ ಹಾರ್ನೆಸ್ ಬರೋವರೆಗೂ ಅಮ್ಮನ ಕೈಗೆ ಲೀಶ್ ಕೊಡಲ್ಲ.